ಹೊಂಡ ತೋಡು, ಫೋಟೊ ಹೊಡಿ, ಬಿಲ್ ಎತ್ತು

ಮಳೆ ನೀರು ಹಿಡಿದಿಡಲಿ ಅಂತ ಸರ್ಕಾರ ಕೃಷಿ ಹೊಂಡಕ್ಕೆ ದುಡ್ಡು ಕೊಡುತ್ತದೆ. ನಡು ಬೇಸಿಗೆಯಲ್ಲಿ ಕೋಲಾರ, ಮುಳಬಾಗಿಲು ಕಡೆ ಬನ್ನಿ. ಆಕಾಶದಲ್ಲಿ ಮೋಡವಿಲ್ಲ, ಹೊಂಡದಲ್ಲಿ ನೀರಿದೆ. ದಂಡೆಯ ಮೇಲೊಂದು ಪೈಪು. ಅದರ ಇನ್ನೊಂದು ತುದಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲಿ. ಕಡತದಲ್ಲಿ ಮಾತ್ರ ಇದು ಜಲ ಸಂರಕ್ಷಣೆ.

ಈ ಹೊಂಡಗಳ ಯೋಜನೆ, ಕೃಷಿ ಭಾಗ್ಯ, ಶುರುವಾಗಿದ್ದು 2014ರಲ್ಲಿ. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಹೊಂಡ, ಪಾಲಿಥಿನ್ ಹೊದಿಕೆ, ಪಂಪು, ಸೂಕ್ಷ್ಮ ನೀರಾವರಿ. ಒಂದು ಮಳೆ ಕೈಕೊಟ್ಟರೂ ಒಣ ಬೇಸಾಯದವನು ರಾಗಿ ಉಳಿಸಿಕೊಳ್ಳಲಿ ಅನ್ನೋದು ಉದ್ದೇಶ. ಒಳ್ಳೆಯ ಉದ್ದೇಶವೇ. ಹೊಂಡದ ಪಕ್ಕ ಬೆಳೆದಿರುವುದು ಮಾತ್ರ ಟೊಮೆಟೊ.

ರಾತ್ರಿ ತ್ರೀ ಫೇಸ್ ಕರೆಂಟು. 10 ಎಚ್‌ಪಿವರೆಗೆ ಬಿಲ್ಲಿಲ್ಲ. ಬೋರ್‌ ಎತ್ತಿದ ನೀರು ಹೊಂಡಕ್ಕೆ. ಹಗಲು ಬಿಸಿಲು ತನ್ನ ಪಾಲು ಕುಡಿಯುತ್ತದೆ. ಮಿಕ್ಕಿದ್ದು ಡ್ರಿಪ್‌ಗೆ. ತಳದಲ್ಲಿ ಪ್ಲಾಸ್ಟಿಕ್ ಹಾಸಿದ ಮೇಲೆ ನೆಲಕ್ಕೆ ಇಂಗುವ ಮಾತೇ ಇಲ್ಲ. ಎತ್ತೋಕೆ ಒಂದು ಸಹಾಯಧನ, ಆವಿ ಮಾಡೋಕೆ ಇನ್ನೊಂದು, ಉಳಿದದ್ದನ್ನು ಹನಿ ಹನಿಯಾಗಿ ಬಿಡೋಕೆ ಮತ್ತೊಂದು. ಇಷ್ಟಾದ ಮೇಲೆ ಅಂತರ್ಜಲದವರು ಬಂದು ಅಳೆದು, ಜಿಲ್ಲೆಯಲ್ಲಿ ನೀರಿನ ಅತಿಬಳಕೆಯಾಗಿದೆ ಎಂದು ವರದಿ ಬರೆಯುತ್ತಾರೆ. ಅವರ ಸಂಬಳವೂ ನಮ್ಮದೇ.

ದುಡ್ಡು ಯಾರಿಗೆ? ಪಹಣಿಯಲ್ಲಿ ಹೆಸರಿದ್ದವನಿಗೆ. ಉಳುವವನೇ ಒಡೆಯ ಎಂದು 1974ರಲ್ಲಿ ಕಾನೂನು ಮಾಡಿದ ರಾಜ್ಯ ಇದು. ಹಾಗಾಗಿ ಕಾಗದದಲ್ಲಿ ಗೇಣಿದಾರನೇ ಇಲ್ಲ. ಹೊಲದಲ್ಲಿದ್ದಾನೆ. ಗುತ್ತಿಗೆಗೋ ವಾರಕ್ಕೋ ಮಾಡಿ, ಬೆಲೆ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿಯುವವನು ಅವನೇ. ಅವನಿಗೆ ಸಹಾಯಧನವಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮು ಕಿತ್ತುಹಾಕಿದರು. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರೂ ಮಾಲೂರಿನಲ್ಲಿ ಜಮೀನು ಕೊಂಡು ರೈತರಾಗಬಹುದು. ಪಹಣಿ ಕೈಗೆ ಮಣ್ಣು ಮೆತ್ತಿದೆಯಾ ಅಂತ ಕೇಳುವುದಿಲ್ಲ.

ದುಡ್ಡು ಕೊಟ್ಟು ನೀರು ಬತ್ತಿಸುವುದು ಹೊಸ ಚಾಳಿಯಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯದ ಹೆಸರಲ್ಲಿ ಸಸಿ ಹಂಚಿ, ರಾಗಿ ಹೊಲಗಳಲ್ಲಿ ನೀಲಗಿರಿ ನೆಡಿಸಿದ್ದು ಇದೇ ಸರ್ಕಾರ. ಅಂತರ್ಜಲ ಹೀರುತ್ತದೆ ಅಂತ 2017ರಲ್ಲಿ ನಿಷೇಧಿಸಿದ್ದೂ ಇದೇ ಸರ್ಕಾರ. ನಡುವಿನ ಮೂವತ್ತು ವರ್ಷದ ನೀರಿನ ಲೆಕ್ಕ ಕೇಳಬೇಡಿ. ಕಡತ ವಿಲೇವಾರಿಯಾಗಿದೆ.

ಈ ನಾಡಿನ ನಿಜವಾದ ಹೊಂಡಗಳು ಕೆರೆಗಳು. ಊರಿಗೆಲ್ಲ ಸೇರಿದವು. ಅದಕ್ಕೇ ಅವಕ್ಕೆ ಫಲಾನುಭವಿ ಇಲ್ಲ, ಅರ್ಜಿ ಇಲ್ಲ, ಕಮಿಷನ್ನಿನ ಆಸೆಯೂ ಕಮ್ಮಿ. ರಾಜಕಾಲುವೆ ನುಂಗಿದವರನ್ನು ಎಬ್ಬಿಸುವ ಧೈರ್ಯವಿಲ್ಲ. ಬದಲಿಗೆ 2018ರಲ್ಲಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸೋಸಿ ಕೋಲಾರದ ಕೆರೆಗಳಿಗೆ ಕಳಿಸಿದರು. ಅದು ಕೆರೆಯಲ್ಲಿ ಇಂಗಿ, ಬೋರಿನಲ್ಲಿ ಮೇಲೆದ್ದು, ಮತ್ತೆ ಹೊಂಡ ಸೇರುತ್ತದೆ.

ಸ್ವಾಮಿ, ಜಿಪಿಎಸ್ ಫೋಟೊದಲ್ಲಿ ಹೊಂಡ ಬರುತ್ತದೆ, ಫಲಾನುಭವಿ ಬರುತ್ತಾರೆ, ನಾಮಫಲಕವೂ ಬರುತ್ತದೆ. ಮುಂದಿನ ಸಲ ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಪೈಪೂ ಬರಲಿ. ಬೋರ್ ನೀರು ತುಂಬಿದ ಹೊಂಡದ ಬಿಲ್ ತಡೆಯಿರಿ. ಆ ದುಡ್ಡಲ್ಲಿ ಮೊದಲು ಕಾಲುವೆ ಬಿಡಿಸಿ.