ಆನೆ ನಡೆಯುವಷ್ಟು ದೂರ

ಮೈಸೂರಿನವರಿಗೆ ದೂರದ ಲೆಕ್ಕವೇ ಬೇರೆ. ಮಗ ಬೆಂಗಳೂರಿನಲ್ಲಿ ದಿನಾ ಎರಡು ಗಂಟೆ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಆಫೀಸು ಸೇರುತ್ತಾನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕುವೆಂಪುನಗರದ ಯಜಮಾನರೊಬ್ಬರನ್ನು, ‘ಒಂದ್ಸಲ ನಮ್ಮನೆ ಕಡೆ ಬನ್ನಿ ಸಾರ್’ ಎಂದು ಕರೆದು ನೋಡಿ.

‘ಎಲ್ಲಾಯ್ತು ಮನೆ?’

‘ಬನ್ನಿಮಂಟಪ.’

ಮುಖದ ಮೇಲೆ ಕಾಶಿಗೆ ಹೊರಟವರ ಗಾಂಭೀರ್ಯ ಬಂದುಬಿಡುತ್ತದೆ. ‘ಓಹೋ... ಅಷ್ಟು ದೂರಾನಾ? ಮಕ್ಕಳು ರಜಾಕ್ಕೆ ಬರ್ಲಿ, ಕಾರಲ್ಲಿ ಬರ್ತೀವಿ.’ ಆಟೋದವರದ್ದೂ ಅದೇ ರಾಗ. ‘ಬನ್ನಿಮಂಟಪಾನಾ? ವಾಪಸ್ ಬರೋಕೆ ಗಿರಾಕಿ ಸಿಗಲ್ಲ ಸಾರ್, ನೋಡ್ಕೊಂಡು ಕೊಡಿ.’ ಏನು ನೋಡಿಕೊಂಡು ಕೊಡಬೇಕು ಎಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಅರಮನೆಯಿಂದ ಇಲ್ಲಿಗೆ ಸುಮಾರು 5 ಕಿಲೋಮೀಟರು. ಅಭಿಮನ್ಯು ಎಂಬ ಆನೆ ಬೆನ್ನ ಮೇಲೆ 750 ಕೆ.ಜಿ. ಅಂಬಾರಿ ಹೊತ್ತು, ಎಡಬಲಕ್ಕೆ ಹೆಣ್ಣಾನೆಗಳನ್ನು ಇಟ್ಟುಕೊಂಡು, ಕಿವಿ ಬೀಸುತ್ತಾ ಅಷ್ಟೂ ದೂರ ನಡೆದೇ ಬರುತ್ತಾನೆ. ನೋಡ್ಕೊಂಡು ಕೊಡಿ ಎಂದು ಅವನು ಯಾರನ್ನೂ ಕೇಳಿದ್ದಿಲ್ಲ.

ಊರಿಗೆಲ್ಲ ದಸರಾ ಹತ್ತು ದಿನ. ನಮಗೆ ಹೆಚ್ಚುಕಡಿಮೆ ಎರಡು ತಿಂಗಳು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಪೂಜೆ ಮುಗಿದು ಆನೆಗಳು ಲಾರಿ ಹತ್ತಿ ಮೈಸೂರಿಗೆ ಬಂದಿಳಿದವು ಅಂದರೆ ನಮ್ಮ ರಸ್ತೆಯಲ್ಲಿ ತಾಲೀಮು ಶುರು. ಬೆಳಿಗ್ಗೆ ಹಾಲು ತರಲು ಹೋದವರು ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಬಂಬೂ ಬಜಾರಿನ ಹತ್ತಿರ ನಿಂತುಬಿಡುತ್ತಾರೆ. ಮನೆಯಲ್ಲಿ ಡಿಕಾಕ್ಷನ್ ಇಳಿದು ಆರಿ ತಣ್ಣಗಾಗಿರುತ್ತದೆ. ಸ್ಕೂಲಿಗೆ ತಡವಾದ ಹುಡುಗ ಮಿಸ್ಸಿಗೆ ‘ಆನೆ ಅಡ್ಡ ಬಂತು ಮಿಸ್’ ಎನ್ನುತ್ತಾನೆ. ಬೇರೆ ಊರಲ್ಲಿ ಹೀಗೆ ಹೇಳಿದರೆ ಕಿವಿ ಹಿಂಡಿಸಿಕೊಳ್ಳಬೇಕು. ಇಲ್ಲಿ ಮಿಸ್ಸೂ ಅದೇ ಆನೆಯ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾದವರು.

ಮೊದಲು ಬರಿ ಬೆನ್ನಿನಲ್ಲಿ ನಡೆಸುತ್ತಾರೆ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಮಾವುತರು, ಕಾವಾಡಿಗಳು ಬೆನ್ನಿಗೇ ಇರುತ್ತಾರೆ. ನಡೆದು ದಣಿದ ದೇಹಕ್ಕೆ ಉದ್ದಿನಕಾಳು, ಹೆಸರುಕಾಳು, ಕುಸುಬಲಕ್ಕಿ, ತರಕಾರಿ, ಬೆಣ್ಣೆ. ಅದರ ಮೇಲೆ ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಇಟ್ಟು ಕಟ್ಟಿದ ಕುಸುರೆ. ಬಂದ ದಿನ ಒಂದು ತೂಕ, ಮುಂದೆ ಇನ್ನೊಂದು ತೂಕ. ಇಷ್ಟು ಕೆ.ಜಿ. ಹೆಚ್ಚಾಯಿತು ಎಂದು ಪತ್ರಿಕೆಗಳಲ್ಲಿ ಫೋಟೊ ಸಮೇತ ಸುದ್ದಿ. ಆ ಸುದ್ದಿಯನ್ನು ನಾನು ನನ್ನ ಮನೆಯಾಕೆಗೆ ಗಟ್ಟಿಯಾಗಿ ಓದಿ ಹೇಳಿದೆ. ತೂಕ ಹೆಚ್ಚಾದವರಿಗೆ ಈ ಊರಲ್ಲಿ ಎಂಥ ಮರ್ಯಾದೆ ಇದೆ ಎಂದು ತಿಳಿಯಲಿ ಅಂತ. ‘ಅದು ಬೆಳಿಗ್ಗೆ ಸಂಜೆ ಎರಡು ಹೊತ್ತೂ ನಡೀತದೆ ಕಣ್ರೀ’ ಎಂದಳು. ಅಂದಿನಿಂದ ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದೇನೆ.

ರಸ್ತೆ ಬದಿಯ ನಿವೃತ್ತರ ಮಾತು ಕೇಳಬೇಕು. ಆನೆಯ ವಿಚಾರದಲ್ಲಿ ಪಶುವೈದ್ಯರಿಗೆ ಗೊತ್ತಿಲ್ಲದ್ದೆಲ್ಲ ಇವರಿಗೆ ಗೊತ್ತು. ‘ಏನೇ ಅನ್ನಿ, ಬಲರಾಮನ ನಡಿಗೆ ಯಾರಿಗೂ ಬರಲ್ಲ’ ಎಂದು ಒಬ್ಬರು. ‘ನೀವು ದ್ರೋಣನ್ನ ನೋಡಿಲ್ಲ ಬಿಡಿ’ ಎಂದು ಅವರಿಗಿಂತ ಐದು ವರ್ಷ ದೊಡ್ಡವರು. ಅರ್ಜುನನ ಹೆಸರು ಬಂದರೆ ಮಾತ್ರ ಇಬ್ಬರೂ ಸುಮ್ಮನಾಗುತ್ತಾರೆ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತು ಈ ರಸ್ತೆ ಸವೆಸಿದವನು ಅವನು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಅಲ್ಲೇ ಸತ್ತ. ಅಂದು ನಮ್ಮ ಬೀದಿಯಲ್ಲಿ ಸೂತಕದ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬಲರಾಮನೂ ಹೋಗಿದ್ದ. 2020, 2021ರಲ್ಲಿ ಕೊರೊನಾ ಬಂದು ಜಂಬೂಸವಾರಿ ಅರಮನೆಯ ಅಂಗಳ ದಾಟಲಿಲ್ಲ. ವಿಜಯದಶಮಿಯ ಸಂಜೆ ಬನ್ನಿಮಂಟಪದ ರಸ್ತೆಯಲ್ಲಿ ನಾಯಿಗಳು ಕಾಲು ಚಾಚಿ ಮಲಗಿದ್ದನ್ನು ನಾವು ನೋಡಿದ್ದು ಆಗಲೇ.

ಇರಲಿ. ಇಷ್ಟು ಕೇಳಿ ನಮ್ಮ ಮನೆಗೆ ಬರಬೇಕು ಅನ್ನಿಸಿತೇ? ದಾರಿ ಹೇಳುತ್ತೇನೆ. ಸಯ್ಯಾಜಿರಾವ್ ರಸ್ತೆ ಹಿಡಿದು ಆರ್‌ಎಂಸಿ ಸರ್ಕಲ್ಲಿಗೆ ಬನ್ನಿ. ಅಲ್ಲಿ ಆರ್‌ಎಂಸಿ ಇರುವುದಿಲ್ಲ. ಮಾರುಕಟ್ಟೆ ಬಂಡಿಪಾಳ್ಯಕ್ಕೆ ಹೋಗಿ ಯಾವ ಕಾಲವಾಯಿತೋ. ರಿಂಗ್ ರೋಡಿನ ಕಡೆಯಿಂದ ಬರುವವರಾದರೆ ಕೊಲಂಬಿಯಾ ಏಷ್ಯಾ ಸಿಗ್ನಲ್ಲು. ಆ ಆಸ್ಪತ್ರೆಗೆ ಮಣಿಪಾಲ್ ಎಂದು ಬೋರ್ಡು ಬಿದ್ದಿದೆ, ಆದರೂ ಸಿಗ್ನಲ್ಲು ಕೊಲಂಬಿಯಾದ್ದೇ. ಜಯಚಾಮರಾಜ ಒಡೆಯರ್ ವೃತ್ತವನ್ನು ಇವತ್ತಿಗೂ ಹಾರ್ಡಿಂಜ್ ಸರ್ಕಲ್ ಅನ್ನುವ ಊರಿದು. ಇಲ್ಲದ್ದರ ಗುರುತು ಹಿಡಿದು ಇರುವುದನ್ನು ಹುಡುಕುವುದೇ ನಮ್ಮ ಪದ್ಧತಿ. ಗೂಗಲ್ಲಿನ ಹೆಣ್ಣುದನಿಗೆ ಇದು ಇನ್ನೂ ಅಭ್ಯಾಸವಾಗಿಲ್ಲ.

ಹೋದ ವರ್ಷ ಹಾಗೆ ದಾರಿ ಕೇಳಿಕೊಂಡು ದಸರಾಕ್ಕೆ ಬಂದವರು ಮಂಗಳೂರಿನ ಭಾವ, ನನ್ನ ಅಕ್ಕನ ಯಜಮಾನರು. ಬ್ಯಾಗು ಇಳಿಸುವ ಮೊದಲೇ ಕೇಳಿದರು:

‘ಎಂತ ಉಂಟು ಮಾರಾಯ ಇಲ್ಲಿ ನೋಡ್ಲಿಕ್ಕೆ?’

ಸಮುದ್ರದ ಪಕ್ಕದಿಂದ ಬಂದವರಿಗೆ ಏನು ತೋರಿಸುವುದು? ಅಲ್ಲಿ ಸಂಜೆಯಾಯಿತೆಂದರೆ ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ಅಲೆ ನೋಡುತ್ತಾ ಚುರುಮುರಿ ತಿಂದರೆ ದಿನಕ್ಕೊಂದು ಅರ್ಥ ಬಂದಂತೆ. ನಾನು ಮೃಗಾಲಯ ಎಂದೆ. ಅಂದು ಮಂಗಳವಾರ, ಮೈಸೂರಿನ ಹುಲಿ ಸಿಂಹಗಳ ವಾರದ ರಜೆ. ಬಾಲಭವನ ಎಂದೆ. ‘ನನಗೆ ಎಷ್ಟು ಪ್ರಾಯ ಅಂತ ತಿಳ್ಕೊಂಡಿದ್ದಿ?’ ಎಂದರು. ಸೇಂಟ್ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋದೆ. ಕತ್ತೆತ್ತಿ ಎರಡೂ ಗೋಪುರ ನೋಡಿ, ‘ಚಂದ ಉಂಟು. ಆದ್ರೆ ಇದು ಬನ್ನಿಮಂಟಪ ಅಲ್ಲ ಅಲ್ವಾ, ಅಶೋಕ ರೋಡು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವನ್ನು ಮಾತ್ರ ತಕರಾರಿಲ್ಲದೆ ಲೆಕ್ಕಕ್ಕೆ ಸೇರಿಸಿಕೊಂಡರು, ಎರಡನೇ ಪ್ಲೇಟಿನವರೆಗೂ. ಕೈ ತೊಳೆದ ಮೇಲೆ, ‘ಮೀನು ಎಲ್ಲಿ ಸಿಗ್ತದೆ?’

ಕಡೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ಬನ್ನಿಮಂಟಪ ಬಡಾವಣೆಯಲ್ಲಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ‘ಭಾವ, ಎಡಗೈ ತೋರುಬೆರಳು ತೋರಿಸಿ’ ಎಂದೆ.

ಮದುವೆಯಾದ ಮೇಲೆ ಇಷ್ಟು ಅನುಮಾನದಿಂದ ಅವರು ಯಾರನ್ನೂ ನೋಡಿರಲಿಕ್ಕಿಲ್ಲ.

‘ನೀವು ವೋಟು ಹಾಕಿದಾಗ ಈ ಬೆರಳಿಗೆ ಹಚ್ಚಿದ ಮಸಿ ಇಲ್ಲಿಂದ ಬಂದದ್ದು. ನಿಮಗೊಬ್ಬರಿಗೇ ಅಲ್ಲ, ಪ್ರಧಾನಮಂತ್ರಿಗೂ.’

ನಿಜವಾಗಿ ಅದೊಂದು ವಿಷಯದಲ್ಲಿ ನಾವು ಬನ್ನಿಮಂಟಪದವರು ಎದೆ ಉಬ್ಬಿಸಿ ತಿರುಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಆಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ್ದಾಯಿತು. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಇಲ್ಲಿನ ಅಳಿಸಲಾಗದ ಶಾಯಿ. ಗುಟ್ಟು ಇರುವುದು ಸಿಲ್ವರ್ ನೈಟ್ರೇಟಿನಲ್ಲಿ. ಅದು ಚರ್ಮಕ್ಕೆ, ಉಗುರಿಗೆ ಹತ್ತಿ ಬೆಳಕು ಬಿದ್ದರೆ ಕಪ್ಪಾಗುತ್ತದೆ. ಆಮೇಲೆ ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಜಗ್ಗುವುದಿಲ್ಲ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಜನರ ಬೆರಳಿಗೆ ಸಾಕು. ಮೊದಲು ಉಗುರಿನ ಬುಡಕ್ಕೆ ಒಂದು ಚುಕ್ಕೆ ಇಡುತ್ತಿದ್ದರು. 2006ರಿಂದ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯುತ್ತಾರೆ. ಹೊರದೇಶಗಳ ಚುನಾವಣೆಗಳಿಗೂ ಇಲ್ಲಿಂದಲೇ ಪೆಟ್ಟಿಗೆಗಳು ಹೋಗುತ್ತವೆ. ರಾಜಕಾರಣಿಯ ಮಾತು ಮರುದಿನ ಅಳಿಸಿಹೋಗುತ್ತದೆ, ನಮ್ಮೂರಿನ ಮಸಿ ಉಗುರು ಬೆಳೆದು ಕತ್ತರಿಸುವವರೆಗೂ ನಿಲ್ಲುತ್ತದೆ. ನಮ್ಮ ಮನೆಯ ಕಾಂಪೌಂಡಿಗೆ ಹೊಡೆಸಿದ ಬಣ್ಣ ಒಂದೇ ಮಳೆಗಾಲಕ್ಕೆ ಯಾಕೆ ಹೋಯಿತು ಎಂದು ನೀವು ಕೇಳಬಾರದು. ಅದು ಬೇರೆ ಕಂಪನಿಯದ್ದು.

ಭಾವ ಬೆರಳನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು. ‘ಒಳಗೆ ಬಿಡ್ತಾರಾ?’

‘ಇಲ್ಲ.’

‘ಹಾಗಾದ್ರೆ ಗೇಟು ನೋಡ್ಲಿಕ್ಕೆ ಕರ್ಕೊಂಡು ಬಂದದ್ದಾ?’

ಮರುದಿನ ಬನ್ನಿಮರ ಎಲ್ಲಿ ಎಂದು ವಿಚಾರಣೆ ಶುರುವಾಯಿತು. ಪಾಂಡವರು ಅಜ್ಞಾತವಾಸಕ್ಕೆ ವಿರಾಟನಗರ ಹೊಗುವ ಮುಂಚೆ ಆಯುಧಗಳನ್ನೆಲ್ಲ ಗಂಟು ಕಟ್ಟಿ ಶಮೀವೃಕ್ಷದ ಮೇಲಿಟ್ಟರು, ಅದಕ್ಕೇ ವಿಜಯದಶಮಿಗೆ ಬನ್ನಿಪೂಜೆ ಎಂಬ ಪುರಾಣ ಹೇಳಿದೆ. ಹಿಂದೆ ಮಹಾರಾಜರೇ ಅಂಬಾರಿಯಲ್ಲಿ ಕೂತು ಇಲ್ಲಿಗೆ ಬರುತ್ತಿದ್ದರು, ಈಗ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿ ಬರುತ್ತಾಳೆ, ಅರಮನೆಯವರ ಶಮೀಪೂಜೆ ಅರಮನೆ ಅಂಗಳದ ಭುವನೇಶ್ವರಿ ದೇವಸ್ಥಾನದಲ್ಲೇ ಆಗುತ್ತದೆ ಎಂದೂ ಹೇಳಿದೆ.

‘ಅಂದ್ರೆ ರಾಜರೂ ಇದು ದೂರ ಅಂತ ಬಿಟ್ರು’ ಎಂದರು ಭಾವ.

ಉತ್ತರ ಹೊಳೆಯಲಿಲ್ಲ. ಅವರು ಅಲ್ಲಿಗೇ ಬಿಡಲೂ ಇಲ್ಲ. ‘ನಮ್ಮ ಕುದ್ರೋಳಿ ದಸರಾ ನೋಡು. ಶಾರದೆ, ಗಣಪತಿ, ನವದುರ್ಗೆಯರು, ಹುಲಿವೇಷ, ರಾತ್ರಿಯಿಡೀ ಮೆರವಣಿಗೆ. ಊರೆಲ್ಲ ಸುತ್ತಿ ತಿರುಗಿ ದೇವಸ್ಥಾನಕ್ಕೇ ಬರ್ತದೆ. ಗಾಡಿ ಇಟ್ಟಲ್ಲೇ ಇರ್ತದೆ, ತಗೊಂಡು ಮನೆಗೆ ಹೋಗುದು. ನಿಮ್ಮ ಮೆರವಣಿಗೆ ಜನರನ್ನು ಇಲ್ಲಿ ತಂದು ಬಿಟ್ಟು ಹೋಗ್ತದೆ. ಅವರು ತಿರುಗಿ ಹೋಗುದು ಹೇಗೆ?’

ಹೇಗೆ ಎಂದರೆ, ನಮ್ಮ ಮನೆಯ ಮೂಲಕ. ವಿಜಯದಶಮಿಯಂದು ಮಧ್ಯಾಹ್ನವೇ ರಸ್ತೆಗಳು ಬಂದ್. ವರ್ಷವಿಡೀ ಬನ್ನಿಮಂಟಪವನ್ನು ದೂರವೆಂದವರೆಲ್ಲ ಅಂದು ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ. ಚಿಕ್ಕಪ್ಪನ ಮಗನ ಪಲ್ಸರ್, ಸೋದರತ್ತೆಯ ಅಳಿಯನ ಆಕ್ಟಿವಾ, ಯಾರದೆಂದೇ ಗೊತ್ತಿಲ್ಲದ ಒಂದು ಬುಲೆಟ್. ಕಾಂಪೌಂಡಿನ ನುಗ್ಗೆಮರದ ಬುಡದಲ್ಲಿ ತಮ್ಮ ತಮ್ಮ ಆಯುಧಗಳನ್ನು ಮರೆಮಾಡಿ, ಹೆಲ್ಮೆಟ್ಟುಗಳನ್ನು ಅಕ್ಕನ ಮಂಚದ ಮೇಲೆ ಪೇರಿಸಿ, ಎಲ್ಲರೂ ಅಜ್ಞಾತವಾಸಕ್ಕೆ ಹೊರಟರು. ಹೋಗುವಾಗ ಒಬ್ಬೊಬ್ಬರೂ ಕೇಳಿದ್ದು ಒಂದೇ: ‘ಪಾಸ್ ಏನಾದ್ರೂ ಇದ್ಯಾ?’

ಅಂದು ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನ ಪಾಸಿನ ಬಗ್ಗೆ ನಮ್ಮ ಬಂಧುಗಳಲ್ಲಿ ಒಂದು ನಂಬಿಕೆಯಿದೆ. ಮೈದಾನದ ಹತ್ತಿರ ಮನೆಯಿದ್ದವರಿಗೆ ಪಾಸುಗಳು ಪೇಪರಿನ ಜೊತೆ ಬಾಗಿಲಿಗೆ ಬೀಳುತ್ತವೆ ಎಂದು. ಇಲ್ಲ ಎಂದರೆ ನಂಬುವುದಿಲ್ಲ. ‘ಇರಲಿ ಬಿಡಪ್ಪ, ಬೇರೆಯವರಿಗೆ ಕೊಟ್ಟಿರ್ತೀಯ’ ಎಂದು ಚಿಕ್ಕಮ್ಮ ಕಣ್ಣು ಒರೆಸಿಕೊಳ್ಳುವ ಮಟ್ಟಕ್ಕೆ ಹೋಗುತ್ತಾರೆ. ದೊಡ್ಡವರ ಪರಿಚಯ ಇದ್ದವರಿಗೆ ಪಾಸು ಸಿಗುತ್ತದೆ; ಪಾಸು ಇದ್ದವರಿಗೆಲ್ಲ ಸೀಟು ಸಿಗುತ್ತದೆ ಎನ್ನುವಂತಿಲ್ಲ. ಗೇಟಿನಲ್ಲಿ ಪಾಸು ಎತ್ತಿ ಹಿಡಿದು ನಿಂತ ಗಣ್ಯರನ್ನು ನೋಡಿದಾಗ ಪಾಸಿಲ್ಲದವನಿಗೆ ಆಗುವ ಸಮಾಧಾನವೂ ಹಬ್ಬದ ಒಂದು ಭಾಗವೇ.

ಅಂಬಾರಿ ಬಂದಾಗ ಹೊತ್ತು ಮುಳುಗಿತ್ತು. ಬೆಳಗ್ಗಿನಿಂದ ಪೇಪರ್ ಹಾಸಿ, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತವರೆಲ್ಲ ಎದ್ದು ನಿಂತರು. ಎರಡು ತಿಂಗಳು ದಿನಾ ಇದೇ ಆನೆಗಳನ್ನು ನೋಡಿದ ನಮ್ಮ ಬೀದಿಯವರು ಅವರಿಗಿಂತ ಮುಂದೆ ನುಗ್ಗಿ ಕೈ ಮುಗಿದರು. ಭಾವ ಚಪ್ಪಲಿ ಬಿಟ್ಟು ನಿಂತಿದ್ದನ್ನು ನಾನು ನೋಡಿಯೂ ನೋಡದವನ ಹಾಗೆ ಇದ್ದೆ.

ಪಂಜಿನ ಕವಾಯತನ್ನು ನಾವು ನೋಡಿದ್ದು, ಅಥವಾ ಕೇಳಿದ್ದು, ನಮ್ಮ ತಾರಸಿಯಿಂದ. ರಾಷ್ಟ್ರಗೀತೆಯ ಜೊತೆಗೆ 21 ಕುಶಾಲತೋಪು ಹಾರುವಾಗ ಅಡುಗೆಮನೆಯ ಲೋಟಗಳು ಲಯಬದ್ಧವಾಗಿ ಅಲುಗಿದವು. ಯಾರದೆಂದು ಗೊತ್ತಿಲ್ಲದ ಆ ಬುಲೆಟ್ಟಿನ ಪಕ್ಕದಲ್ಲಿದ್ದ ಕಾರು ತಾನಾಗಿ ಕಿರುಚಿಕೊಂಡಿತು. ಕುದುರೆಗಳ, ಮೋಟಾರ್‌ಸೈಕಲ್ ಸಾಹಸಗಳ ಸುದ್ದಿ ಧ್ವನಿವರ್ಧಕದಿಂದ ತಿಳಿಯಿತು. ಪಂಜು ಹಿಡಿದ ಪೊಲೀಸರು ಬೆಂಕಿಯಲ್ಲಿ ಅಕ್ಷರ ಬರೆಯುವುದನ್ನು, ಮುಂದಿನ ದಸರಾದಲ್ಲಿ ಸಿಗೋಣ ಎನ್ನುವುದನ್ನು, ಕೆಳಗೆ ಟೀವಿಯಲ್ಲಿ ನೋಡಿ ಅಕ್ಕ ಓಡೋಡಿ ಮೇಲೆ ಬಂದು ಹೇಳುತ್ತಿದ್ದಳು. ಹೊಗೆ ಮಾತ್ರ ನಮ್ಮದು ಅಸಲಿ. ಆಮೇಲೆ ಸಿಡಿಮದ್ದು. ಅದಕ್ಕೆ ಯಾವ ಪಾಸೂ ಬೇಡ; ಆಕಾಶ ನಮ್ಮ ತಾರಸಿಗೂ ಅಷ್ಟೇ ಹತ್ತಿರ.

ಸಿಡಿಮದ್ದಿನ ಸದ್ದಿನ ನಡುವೆ ಭಾವ ಮೂಲೆಗೆ ಸರಿದು, ಒಂದು ಕಿವಿ ಮುಚ್ಚಿಕೊಂಡು ಮಂಗಳೂರಿಗೆ ಫೋನ್ ಮಾಡುತ್ತಿದ್ದರು. ಮೀನು ಸಿಗದ ವಿಷಯ ಹೇಳುತ್ತಿರಬೇಕು ಅಂದುಕೊಂಡೆ. ಹತ್ತಿರ ಹೋದರೆ ಕೇಳಿಸಿತು: ‘...ಇಲ್ಲ ಮಾರಾಯ, ದೂರ ಎಂತ ಇಲ್ಲ. ಅರಮನೆಯಿಂದ ನಡ್ಕೊಂಡು ಬರ್ಬಹುದು. ನಮ್ಮ ಹೆಂಡ್ತಿಯ ತಮ್ಮನ ಮನೆ ಮೈದಾನದ ಬದಿಯಲ್ಲೇ ಉಂಟು. ಬರುವ ವರ್ಷ ನೀವೆಲ್ಲ ಬನ್ನಿ, ಒಂದು ಹತ್ತು ಪಾಸು ನಾನು ಅವನಲ್ಲಿ ಹೇಳಿ ತೆಗೆಸಿಡ್ತೇನೆ. ಅವನಿಗೆ ಅದು ಪೇಪರಿನ ಒಟ್ಟಿಗೇ ಬರ್ತದೆ.’