ಕೊನೆಯ ಗುಂಡು ಯಾರದು?

"ಸರ್, ಬಿನ್ ಲಾಡೆನ್‌ನನ್ನು ಕೊಂದ ಅಬೋಟಾಬಾದ್ ದಾಳಿಯ ಲೇಖನದಲ್ಲಿ 'ಸಿಂಹದ ಗುಂಡಿಗೆಯ ಕಮಾಂಡೋಗಳು' ಅನ್ನೋದನ್ನ ತೆಗೀಲಾ?" "ತೆಗೆದ್ರೆ ಉಳಿಯೋದೇನ್ರೀ?" ಉಳಿಯುವುದು ಕಡಿಮೆಯೇನಲ್ಲ. ಬಿನ್ ಲಾಡೆನ್ ಹೆಂಗಸೊಬ್ಬಳನ್ನು ಗುರಾಣಿ ಮಾಡಿಕೊಂಡಿದ್ದನೆಂದು 2011ರ ಮೇ 2ರಂದು ಶ್ವೇತಭವನದ ಜಾನ್ ಬ್ರೆನನ್ ಹೇಳಿದರು. ಮರುದಿನ ಅದೇ ಶ್ವೇತಭವನ, ಅವನ ಕೈಯಲ್ಲಿ ಆಯುಧವೇ ಇರಲಿಲ್ಲ ಎಂದಿತು. ಆಮೇಲೆ ದಾಳಿ ಮಾಡಿದ ಅಮೆರಿಕದ ಸೀಲ್ ಕಮಾಂಡೋ ತುಕಡಿಯವರೇ ಆದ ಮ್ಯಾಟ್ ಬಿಸೊನೆಟ್, ರಾಬರ್ಟ್ ಓನೀಲ್ ಅವನನ್ನು ಕೆಡವಿದ ಗುಂಡಿನ ಬಗ್ಗೆ ಬೇರೆ ಬೇರೆ ಕಥೆ ಹೇಳಿದರು. ಅವನಿದ್ದ ಮನೆಯ ಮೆಟ್ಟಿಲು ಹತ್ತಿದವರಲ್ಲೇ ಒಮ್ಮತವಿಲ್ಲದಿರುವಾಗ ಹತ್ತದ ನಾವು 'ಓನೀಲ್ ಪ್ರಕಾರ' ಎಂದು ಬರೆಯುವುದೇ ಸರಿ. "ಗುಟ್ಟಿನ ಪಡೆ ಕಣ್ರೀ, ಪುರಾವೆ ಎಲ್ಲಿಂದ ತರೋದು?" ಗುಟ್ಟಾದ್ದರಿಂದಲೇ ಊಹೆಗೆ ಕಡಿವಾಣ ಬೇಕು. "ಯೋಧರಿಗೆ ಅವಮಾನ ಆಗಲ್ವಾ?" ಸಾಹಸ ನಿಜವಿದ್ದರೆ ಅದಕ್ಕೆ ವಿಶೇಷಣದ ಊರುಗೋಲೇಕೆ? "ಆಯ್ತಪ್ಪಾ, 'ಪ್ರಕಾರ' ಹಾಕಿ. ಆದ್ರೆ ಚಿಕ್ಕ ಅಕ್ಷರದಲ್ಲಿ."