ದ್ವಿಚಕ್ರ ದಾಂಪತ್ಯ ಮೀಮಾಂಸೆ

ಬಿಸಿಲಿನಲ್ಲಿ ಸೈಕಲ್ ತುಳಿಯುವ ಗಂಡಹೆಂಡಿರ ನಡುವಿನ ಅಂತರಕ್ಕೂ ಅವರ ಸಂಸಾರದ ಆರೋಗ್ಯಕ್ಕೂ ಏನು ನಂಟು ಎಂಬುದೇ ಈ ಶಾಸ್ತ್ರದ ವಿಷಯ. ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳದಿದ್ದರೆ ಪಂಡಿತರು ಪುಟ ತಿರುಗಿಸುವುದಿಲ್ಲವಾದ್ದರಿಂದ ಅದನ್ನು ಹೇಳಿ ಮುಗಿಸುತ್ತೇನೆ. ವಿಷಯ ಬಂತು. ಪ್ರಯೋಜನವೆಂದರೆ ಮುಂದೆ ಹೋಗುವವರಿಗೆ ವಿವೇಕ, ಹಿಂದೆ ಬರುವವರಿಗೆ ಸಮಾಧಾನ. ಅಧಿಕಾರಿ, ಅಂದರೆ ಓದಲು ಅರ್ಹರು, ಒಮ್ಮೆಯಾದರೂ ಸಂಗಾತಿಯ ಬೆನ್ನು ನೋಡುತ್ತ ಏರು ಹತ್ತಿದವರು. ಇನ್ನು ಉಳಿದದ್ದು ಸಂಬಂಧ. ಅದು ಬೆಳಿಗ್ಗೆ ಏಳು ಗಂಟೆಗೆ ಚೆನ್ನಾಗಿಯೇ ಇತ್ತು.

ಶಾಸ್ತ್ರಕ್ಕೆ ದೃಷ್ಟಾಂತ ಬೇಕು. ಹಾಗಾಗಿ ಉತ್ತರ ಫ್ರಾನ್ಸಿನ ಲಿಲ್ ಊರಿನವರಾದ, ಮೋಡದ ಕೆಳಗೇ ಬೆಳೆದು ಐವತ್ತು ದಾಟಿದ ದಂಪತಿಯನ್ನು ಕಲ್ಪಿಸಿಕೊಂಡು, ಜುಲೈ 13ರ ಬೆಳಿಗ್ಗೆ ದಕ್ಷಿಣದ ಕಾಸ್ತೆಲ್ನೋದರಿ ಪಟ್ಟಣದಲ್ಲಿ ಸೈಕಲ್ ಹತ್ತಿಸಿದ್ದೇನೆ. ದಂಪತಿ ಮಾತ್ರ ನನ್ನ ಸೃಷ್ಟಿ. ಬೆಟ್ಟ, ಗಾಳಿ, ಬಿಸಿಲು ನನ್ನ ಕೈಯಲ್ಲಿಲ್ಲ. ಸಂಜೆಗೆ ಕಾರ್ಕಾಸೊನ್ ಸೇರಬೇಕು.

ಸೂತ್ರ: ನಕ್ಷೆ ಹಿಡಿದವರೇ ಮುಂದಾಳು.

ಭಾಷ್ಯ. ಕಾರ್ಕಾಸೊನ್‌ಗೆ ಎರಡು ದಾರಿ. ಒಂದು ಕಾಲುವೆಯ ದಂಡೆ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೇರ್ ಪೋಲ್ ರಿಕೇ ಎಂಬಾತ 1666ರಲ್ಲಿ ತೋಡಿಸಲು ಹಿಡಿದು, 1681ರಲ್ಲಿ ಅದು ತೆರೆಯುವುದಕ್ಕೆ ಕೆಲವೇ ತಿಂಗಳು ಮೊದಲು ತೀರಿಕೊಂಡ, 240 ಕಿಲೋಮೀಟರ್ ಉದ್ದದ ಕಾನಾಲ್ ದ್ಯು ಮಿದಿ ಅದು. ಏರು ಹತ್ತುವ ಅಭ್ಯಾಸ ನೀರಿಗಿಲ್ಲವಾದ್ದರಿಂದ ದಂಡೆಯಲ್ಲಿ ಹೋಗುವವರೂ ಹತ್ತಬೇಕಾಗಿಲ್ಲ. ಇದು ಹೆಂಡತಿಯ ಪಕ್ಷ. ಗಂಡನ ಖಂಡನೆ ಹೀಗೆ: ದಂಡೆಗೆ ಡಾಂಬರಿಲ್ಲ, ಬೇರುಗಳು ಎದ್ದಿವೆ. ನೆರಳಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲಾಗಿ ನೆಟ್ಟದ್ದು ಕಾಶ್ಮೀರದ ಚಿನಾರ್ ಬಳಗದ ಪ್ಲೇನ್ ಮರಗಳನ್ನು. ಅವಕ್ಕೆ 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿಕೊಂಡು, ಅಲ್ಲಿಂದೀಚೆಗೆ ಸಾವಿರಗಟ್ಟಲೆ ಮರಗಳನ್ನು ಕಡಿದಿದ್ದಾರೆ. ಆದಕಾರಣ ಆ ನೆರಳು ನಂಬುವಂಥದ್ದಲ್ಲ. ಇನ್ನೊಂದು ಕಾರಣವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಮೊಂತಾನ್ಯ ನ್ವಾರ್ ಬೆಟ್ಟಸಾಲಿನ ಸೆಸಾಕ್ ಹಳ್ಳಿಗೆ ಏರುವ ದಾರಿಯ ಪಕ್ಕ, ಮಿಶೆಲಿನ್ ನಕ್ಷೆಯಲ್ಲಿ ಹಸಿರು ಗೆರೆ ಇತ್ತು.

ಆ ನಕ್ಷೆಯ ವ್ಯಾಕರಣ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ದಾರಿಯ ಅಂಚಿಗೆ ಹಸಿರು ಬಳಿದಿದ್ದರೆ ನೋಟ ಸೊಗಸು. ದಾರಿಯ ಮೇಲೆ ಬಾಣದ ಮೊನೆ ಒಂದಿದ್ದರೆ ನೂರಕ್ಕೆ 5ರಿಂದ 9ರಷ್ಟು ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಮೇಲೆ. ಸೊಗಸಾದ ನೋಟ ಎತ್ತರದಿಂದಲೇ ಕಾಣುವುದು ಲೋಕಸಿದ್ಧವಾಗಿರುವಾಗ, ಹೊಗೆಯಿದ್ದಲ್ಲಿ ಬೆಂಕಿ ಎಂದು ತಾರ್ಕಿಕರು ಹೇಳುವಷ್ಟೇ ಧೈರ್ಯದಿಂದ ಹಸಿರಿದ್ದಲ್ಲಿ ಮೊನೆ ಎಂದು ಹೇಳಬಹುದು. ನಕ್ಷೆ ಹಿಡಿದವನು ಹಸಿರನ್ನು ಓದುತ್ತಾನೆ. ಹಿಂದೆ ಬರುವವಳಿಗೆ ಮೊನೆ ತೊಡೆಯಲ್ಲಿ ಓದಿಸಿಕೊಳ್ಳುತ್ತದೆ.

ಬಯಲಲ್ಲಿ ಅಂತರ ಎರಡು ಗಾಲಿಯಷ್ಟೇ ಇತ್ತು, ಮಾತುಕತೆಯೂ ನಡೆದಿತ್ತು. ರಸ್ತೆಯ ಎರಡೂ ಕಡೆ ಅರಳಿ ನಿಂತ ಸೂರ್ಯಕಾಂತಿ ಹೊಲ. ಹೂಗಳು ದಿನವಿಡೀ ಸೂರ್ಯನ ಕಡೆಗೇ ತಿರುಗುತ್ತವೆ ಎಂದು ಗಂಡ ವಿವರಿಸಿದ. ಎಳೆಯ ಗಿಡಗಳಿಗೆ ಮಾತ್ರ ಆ ಚಪಲ. ಬಲಿತು ಅರಳಿದ ಹೂಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತವೆ, ಮಧ್ಯಾಹ್ನ ಕಳೆದ ಮೇಲೆ ಸೂರ್ಯನಿಗೆ ಬೆನ್ನು. ಹೆಂಡತಿಗೆ ಇದು ಗೊತ್ತಿತ್ತು, ಹೇಳಲಿಲ್ಲ. ಹೊಲದ ತುಂಬ ತನ್ನ ಪಕ್ಷದವರೇ ಇದ್ದಾರೆಂಬ ಸಮಾಧಾನ ಅವಳಿಗೆ ಸಾಕಾಗಿತ್ತು.

ಸೂತ್ರ: ಏರಿನಲ್ಲಿ ಬೆವರು ವ್ಯರ್ಥ.

ಭಾಷ್ಯ. ತಿಂದ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಪೆಡಲಿಗೆ ಹೋಗುತ್ತದೆ, ಮುಕ್ಕಾಲು ಮೈಯನ್ನೇ ಕಾಯಿಸುತ್ತದೆ. ಏರಿನಲ್ಲಿ 150 ವ್ಯಾಟ್ ಹಾಕಿ ತುಳಿಯುವವರ ಒಳಗೆ 450 ವ್ಯಾಟ್ ಬಿಸಿ ಹುಟ್ಟುತ್ತದೆ. ಇಸ್ತ್ರಿಪೆಟ್ಟಿಗೆಯೊಂದನ್ನು ಅರ್ಧ ಉರಿಯಲ್ಲಿಟ್ಟು ನುಂಗಿದ ಹಾಗೆ. ಬಯಲಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗುವಾಗ ಎದುರಾಗುವ ಗಾಳಿಯೇ ಬೆವರನ್ನು ಆರಿಸಿ ಮೈ ತಣಿಸುತ್ತದೆ. ಏರಿನಲ್ಲಿ ವೇಗ ಏಳಕ್ಕಿಳಿದಾಗ ಆ ಗಾಳಿಯೂ ಇಲ್ಲ. ಒಂದು ಲೀಟರ್ ಬೆವರು ಆರಿಹೋದರೆ 580 ಕಿಲೋಕ್ಯಾಲೊರಿಯಷ್ಟು ಬಿಸಿಯನ್ನು ಹೊತ್ತೊಯ್ಯುತ್ತದಂತೆ. ಆದರೆ ಮೂಗಿನ ತುದಿಯಿಂದ ತೊಟ್ಟಿಕ್ಕಿ ಹ್ಯಾಂಡಲ್ ಮೇಲೆ ಬಿದ್ದ ಹನಿ ಏನನ್ನೂ ಒಯ್ಯುವುದಿಲ್ಲ, ಕಣ್ಣಿಗೆ ಉಪ್ಪು ಹಚ್ಚಿ ಹೋಗುತ್ತದೆ ಅಷ್ಟೆ.

ಹೊರಡುವ ಮುನ್ನ ಪಟ್ಟಣದ ಔಷಧಿ ಅಂಗಡಿಯ ಹಸಿರು ಶಿಲುಬೆ ದೀಪದಲ್ಲಿ 27 ಡಿಗ್ರಿ ಮಿನುಗಿತ್ತು. ಮಧ್ಯಾಹ್ನಕ್ಕೆ 38 ಎಂದು ಪತ್ರಿಕೆಯಲ್ಲಿ ಬಂದಿತ್ತು. 2019ರ ಜೂನ್ 28ರಂದು ಇದೇ ದಕ್ಷಿಣದ ವೆರಾರ್ಗ್ ಎಂಬಲ್ಲಿ 46 ಡಿಗ್ರಿ ದಾಖಲಾಗಿದ್ದುದರಿಂದ 38 ಎಂಬುದು ಹಿತವಾದ ಹವೆ ಎಂದು ಗಂಡ ವಾದಿಸಿದ. ಇಲ್ಲಿ ಶಾಸ್ತ್ರಕಾರ ನಗು ಬಿಟ್ಟು ಒಂದು ಮಾತು ಹೇಳಬೇಕು. 1967ರಲ್ಲಿ ಇದೇ ಜುಲೈ 13ರಂದು, ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಮೋಂ ವಾಂತೂ ಬೆಟ್ಟ ಹತ್ತುತ್ತಿದ್ದ ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ಕುಸಿದು ಸತ್ತ. ಮೈಯಲ್ಲಿ ಆಂಫೆಟಮೈನ್ ಇತ್ತು, ಮದ್ಯವೂ ಇತ್ತು. ಬಿಸಿಲು ಯಾರ ವಾದವನ್ನೂ ಕೇಳುವುದಿಲ್ಲ.

ಸೂತ್ರ: ಕಾದವರಿಗೆ ದಣಿವಾರಿತು, ಬಂದವರಿಗೆ ಹೊರಡುವ ಹೊತ್ತಾಯಿತು.

ಭಾಷ್ಯ. ಇದೇ ಈ ಶಾಸ್ತ್ರದ ಜೀವ. ಉಳಿದ ಸೂತ್ರಗಳು ಪುಟ ತುಂಬಲು ಬಂದವು ಎಂದರೂ ನನ್ನ ಅಭ್ಯಂತರವಿಲ್ಲ.

ಏರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲೇ ಹತ್ತಬೇಕು. ಹತ್ತಿರ ಇರಬೇಕೆಂದು ಒಬ್ಬರು ನಿಧಾನಿಸಿದರೆ ಸೈಕಲ್ ಓಲಾಡುತ್ತದೆ, ಇನ್ನೊಬ್ಬರು ಅವಸರಿಸಿದರೆ ಎದೆ ಹಾರುತ್ತದೆ. ಆದ್ದರಿಂದ ಗಂಡ ಮುಂದೆ ಹೋದ. ತಿರುವಿನಾಚೆ ಚೆಸ್ಟ್‌ನಟ್ ಮರವೊಂದರ ಕೆಳಗೆ ಸೈಕಲ್ ಒರಗಿಸಿದ, ಹೆಲ್ಮೆಟ್ ತೆಗೆದ, ನೀರು ಕುಡಿದ, ಪೀಚ್ ಹಣ್ಣು ತಿಂದ, ಕೈಯನ್ನು ಹುಲ್ಲಿಗೆ ಒರೆಸಿಕೊಂಡ, ನಕ್ಷೆ ಬಿಚ್ಚಿ ಮಡಿಚಿದ. ಅವನ ಬೆವರು ಆರಿತು. ಕೂತು ಬೇಸರ ಬಂತು. ಸರಿಯಾಗಿ ಆ ಗಳಿಗೆಗೆ ಹೆಂಡತಿ ತಿರುವಿನಲ್ಲಿ ಕಂಡಳು. ಮುಖ ಇಟ್ಟಿಗೆ ಬಣ್ಣ, ಕುತ್ತಿಗೆಗೆ ಕಟ್ಟಿದ ಕರ್ಚೀಫು ಒದ್ದೆ.

"ಬಂದೆಯಾ?"

"ಇಲ್ಲ, ಇನ್ನೂ ದಾರಿಯಲ್ಲಿದ್ದೇನೆ."

ಅವಳು ಒಂದು ಕಾಲು ನೆಲಕ್ಕಿಟ್ಟಳು. ಇನ್ನೊಂದು ಪೆಡಲ್ ಬಿಡುವ ಮೊದಲೇ ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದು ಎದ್ದು ನಿಂತಿದ್ದ. "ಹೊರಡೋಣವಾ?"

ಆ ಒಂದು ಮಾತಿನಲ್ಲಿ ದುರುದ್ದೇಶ ಎಳ್ಳಷ್ಟೂ ಇಲ್ಲ. ಅವನ ಮಟ್ಟಿಗೆ ಇಬ್ಬರೂ ವಿಶ್ರಮಿಸಿಯಾಗಿದೆ, ಏಕೆಂದರೆ ತಾನು ವಿಶ್ರಮಿಸಿದ್ದಾನೆ. ದಿನವೊಂದರಲ್ಲಿ ಹೀಗೆ ಆರು ಬಾರಿ ನಿಂತರೆ ಬಲವಾದ ಕಾಲಿನವನಿಗೆ ಆರು ವಿಶ್ರಾಂತಿ, ಸೋತ ಕಾಲಿನವಳಿಗೆ ಆರು 'ಹೊರಡೋಣವಾ'. ವಿಶ್ರಾಂತಿ ಬೇಕಾದವರಿಗೆ ದೊರೆಯದೆ ಬೇಡದವರಿಗೆ ತಾನಾಗಿ ಒದಗುವ ಈ ವ್ಯವಸ್ಥೆಯನ್ನು ಮುಂದಿನ ವಿದ್ವಾಂಸರು ಇತರ ಕ್ಷೇತ್ರಗಳಿಗೂ ಅನ್ವಯಿಸಿ ನೋಡಲಿ.

ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಅಂತರವೇ ದೋಷವಾದರೆ ಇಬ್ಬರೂ ಒಂದೇ ಸೈಕಲ್ ಏರಬಾರದೇಕೆ? ಲೇಖಕಿ ಎಲಿಜಬೆತ್ ರಾಬಿನ್ಸ್ ಪೆನೆಲ್ ಹಾಗೂ ಚಿತ್ರಕಾರ ಗಂಡ ಜೋಸೆಫ್ ಪೆನೆಲ್ 1880ರ ದಶಕದಲ್ಲೇ ಜೋಡಿಯಾಗಿ ತುಳಿಯುವ ಮೂರುಗಾಲಿಯಲ್ಲಿ ಫ್ರಾನ್ಸ್ ಸುತ್ತಿ ಪುಸ್ತಕ ಬರೆಯಲಿಲ್ಲವೆ? 1936ರಲ್ಲಿ ಲಿಯೋನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರದ ಸಂಬಳಸಹಿತ ರಜೆ ಕೊಟ್ಟಾಗ ಜೋಡಿಗಳು ಟ್ಯಾಂಡಮ್ ಏರಿ ಸಮುದ್ರದ ಕಡೆಗೆ ಹೊರಟದ್ದು ಆ ಬೇಸಿಗೆಯ ಗುರುತೇ ಆಗಿಬಿಟ್ಟಿಲ್ಲವೆ?

ಹಾಗೆನ್ನಲಾಗದು. ಟ್ಯಾಂಡಮ್ಮಿನಲ್ಲಿ ಅಂತರ ಹೋಗುವುದೇನೋ ನಿಜ, ಸಂದೇಹ ಹೋಗುವುದಿಲ್ಲ. ಹಿಂದೆ ಕೂತವರು ತುಳಿಯುತ್ತಿದ್ದಾರೋ ಸುಮ್ಮನೆ ಕಾಲು ಇಟ್ಟಿದ್ದಾರೋ ಮುಂದಿನವರಿಗೆ ಕಾಣದು. ಮುಂದೆ ಏನು ಬರುತ್ತಿದೆ ಎಂಬುದು ಹಿಂದಿನವರಿಗೆ ಕಾಣದು. 1936ರ ಜೋಡಿಗಳ ಮಾತೇ ಬೇರೆ. ಜೀವಮಾನದಲ್ಲಿ ಮೊದಲ ಬಾರಿಗೆ ಸಿಕ್ಕ ರಜೆಯನ್ನು ಯಾರು ತುಳಿದರು ಎಂಬ ಜಗಳದಲ್ಲಿ ಕಳೆಯಲು ಯಾರಿಗೆ ಮನಸ್ಸಾದೀತು?

ಗಂಡ ಅವಿದ್ಯಾವಂತನೇನಲ್ಲ. ಫ್ರೆಂಚ್ ಸೈಕಲ್ ಪ್ರವಾಸದ ಆದ್ಯ ಆಚಾರ್ಯ, ಸೇಂತ್ ಎತಿಯೆನ್ ಊರಿನ ಪೋಲ್ ದ ವಿವಿ ಅವನಿಗೆ ಕಂಠಪಾಠ. 1853ರಿಂದ 1930ರವರೆಗೆ ಬದುಕಿದ್ದ, 'ವೆಲೊಸಿಯೋ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈ ಸಸ್ಯಾಹಾರಿ ಮಹಾಶಯ ಗೇರುಗಳ ಪರವಾಗಿ ವಾದಿಸುತ್ತ ಬಂದ. ಟೂರ್ ದ ಫ್ರಾನ್ಸ್ ಕಟ್ಟಿದ ಆಂರಿ ದೆಗ್ರಾಂಜ್‌ಗೆ ಗೇರೆಂದರೆ ಆಗದು. ಸ್ಪರ್ಧಾಳುಗಳು ಗೇರು ಬದಲಿಸುವ ಡಿರೇಲರ್ ಬಳಸಲು 1937ರವರೆಗೆ ಕಾಯಬೇಕಾಯಿತು. ವೆಲೊಸಿಯೋ ಸವಾರರಿಗೆ ವಿಧಿಸಿದ ನಿಯಮಗಳನ್ನು ನಮ್ಮ ಗಂಡ ಏರಿನುದ್ದಕ್ಕೂ ಹಿಂದಕ್ಕೆ ಕೂಗಿ ಹೇಳುತ್ತಿದ್ದ: ಹಸಿಯುವ ಮುನ್ನ ತಿನ್ನು, ಬಾಯಾರುವ ಮುನ್ನ ಕುಡಿ, ಅತಿಯಾಗಿ ದಣಿಯಬೇಡ. ಜಂಭಕ್ಕಾಗಿ ಪೆಡಲ್ ತುಳಿಯಬೇಡ ಎಂಬ ಕೊನೆಯ ನಿಯಮ ಬರುವ ಹೊತ್ತಿಗೆ ಅವನು ಕೇಳಿಸದಷ್ಟು ದೂರ ಹೋಗಿದ್ದ.

ಬಾಯಾರುವ ಮುನ್ನ ಕುಡಿಯಲು ನೀರಿರಬೇಕಲ್ಲ. ಸೆಸಾಕ್ ತಲುಪಿದಾಗ ಹನ್ನೆರಡೂವರೆ. ಫ್ರೆಂಚ್ ಹಳ್ಳಿಯಲ್ಲಿ ಹನ್ನೆರಡರಿಂದ ಎರಡರವರೆಗೆ ಅಂಗಡಿಗಳಿಗೆ ಬಾಗಿಲು, ಮನೆಗಳ ಕಿಟಕಿಗೆ ಮರದ ಕದ. ಒಳಗೆ ತಟ್ಟೆ ಚಮಚಗಳ ಸದ್ದು, ಬೀದಿಯಲ್ಲಿ ಒಂದು ಬೆಕ್ಕು. ಆಗ ಹೆಂಡತಿ ನೇರ ಸ್ಮಶಾನದ ಕಡೆಗೆ ಸೈಕಲ್ ತಿರುಗಿಸಿದಳು. ಗಂಡ ಬೆಚ್ಚಿದ. ಅನುಭವಿ ಸವಾರರಿಗೆ ಇದರಲ್ಲಿ ವಿಶೇಷವೇನಿಲ್ಲ. ಗೋರಿಯ ಮೇಲಿನ ಹೂಕುಂಡಗಳಿಗೆ ಹಾಕಲೆಂದು ಫ್ರಾನ್ಸಿನ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಊರಿನ ಕುಡಿಯುವ ನೀರೇ. ಅವಳು ಮೊದಲು ತಲೆಯನ್ನೇ ನಲ್ಲಿಯ ಕೆಳಗೆ ಹಿಡಿದಳು, ಆಮೇಲೆ ಬಾಟಲಿ. ನೀರು ಬೆನ್ನಗುಂಟ ಇಳಿದು ಅಮೃತಶಿಲೆಯ ಚಪ್ಪಡಿಯ ಮೇಲೆ ಬಿದ್ದು ಕ್ಷಣದಲ್ಲಿ ಆರುತ್ತಿತ್ತು. ಹಸಿರು ಪ್ಲಾಸ್ಟಿಕ್ ನೀರಿನ ಕ್ಯಾನು ಹಿಡಿದು ಸರದಿಗೆ ನಿಂತಿದ್ದ ಅಜ್ಜಿಯೊಬ್ಬಳು, "ತುಂಬಿಸಿಕೋ ಮಗಳೇ, ನಮ್ಮವರಿಗೆ ಅವಸರವಿಲ್ಲ" ಎಂದಳು.

ಸೂತ್ರ: ಭಾರದಿಂದ ಸಮತೆ.

ಭಾಷ್ಯ. ಸೆಸಾಕ್ ಬಿಟ್ಟ ಮೇಲೆ ದಾರಿಯಲ್ಲಿ ಸಿಕ್ಕ ಮೋಂತೋಲ್ಯೂ ಪುಸ್ತಕದಂಗಡಿಗಳ ಹಳ್ಳಿ. 1990ರಿಂದ ಅದು ಆ ಹೆಸರನ್ನೇ ಹೊತ್ತಿದೆ. ಬೀದಿಬೀದಿಯಲ್ಲೂ ಹಳೆಯ ಪುಸ್ತಕಗಳ ಅಂಗಡಿ, ದಪ್ಪ ಕಲ್ಲಿನ ಗೋಡೆ, ಒಳಗೆ ತಂಪು. ಹೆಂಡತಿ ಅಂಥ ಒಂದು ಅಂಗಡಿಯೊಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳಿಗೆ ಅಂದು ದೊರೆತ ಮೊದಲ ವಿಶ್ರಾಂತಿ ಅದು, ಗಂಡ ಬಿಸಿಲಲ್ಲಿ ಸೈಕಲ್ ಕಾಯುತ್ತ ನಿಂತಿದ್ದ. ಬಂದಾಗ ಅವಳ ಎರಡೂ ಕೈಯಲ್ಲಿ ಹಳೆಯ ಲಾರೂಸ್ ವಿಶ್ವಕೋಶದ ಮೊದಲ ಸಂಪುಟ. ರಟ್ಟು ಬೈಂಡಿನದು, ಎತ್ತಿಕೊಂಡರೆ ತೋಳು ಜಗ್ಗುವಷ್ಟು ಭಾರ.

ತೂಕ ಉಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ತಂದವನು ನಮ್ಮ ಗಂಡ. ಅವನು ಏನೋ ಹೇಳಲು ಬಾಯಿ ತೆರೆದ. "ನಿನ್ನ ಕಾಲಿಗೆ ಬಲ ಜಾಸ್ತಿಯಲ್ಲವಾ" ಎಂದು ಅವಳು ಸಂಪುಟವನ್ನು ಅವನ ಚೀಲಕ್ಕೆ ಇಳಿಸಿ ಪಟ್ಟಿ ಬಿಗಿದಳು. ಬೆಳಗಿನಿಂದ ಆರು ಬಾರಿ ಸಾಬೀತು ಮಾಡಿದ ಸಂಗತಿಯನ್ನು ಅವನು ಅಲ್ಲಗಳೆಯುವುದಾದರೂ ಹೇಗೆ?

ಅಲ್ಲಿಂದ ಮುಂದೆ ಇಳಿಜಾರು, ಆಮೇಲೆ ಬಯಲು, ಬಯಲಲ್ಲಿ ಓತಾಂ. ಆಗ್ನೇಯದಿಂದ ಬೀಸುವ, ಜನರಿಗೂ ದನಗಳಿಗೂ ಹುಚ್ಚು ಹಿಡಿಸುತ್ತದೆಂದು ಅಲ್ಲಿನವರು ಹೇಳುವ ಗಾಳಿ. ಕಾರ್ಕಾಸೊನ್ ಇರುವುದೂ ಆಗ್ನೇಯಕ್ಕೇ. ಲಾರೂಸ್ ಹೊತ್ತವನು ಎದುರುಗಾಳಿಯಲ್ಲಿ ಹೆಂಡತಿಯ ಹಿಂದಿನ ಗಾಲಿಗೆ ಅಂಟಿಕೊಂಡೇ ಬಂದ. ಅಂತರ ಮತ್ತೆ ಎರಡು ಗಾಲಿಯಷ್ಟಾಯಿತು. ವಿಶ್ವಕೋಶದಿಂದ ಇಂಥ ಪ್ರತ್ಯಕ್ಷ ಫಲ ಲಭಿಸಿದ ಉದಾಹರಣೆ ಗ್ರಂಥಲೋಕದಲ್ಲಿ ಅಪರೂಪ.

ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಜೀರ್ಣೋದ್ಧಾರ ಮಾಡಿದ ಕಾರ್ಕಾಸೊನ್ ಕೋಟೆಯ ಮೊನಚು ಗೋಪುರಗಳು ಕಂಡಾಗ ಸಂಜೆ. ಗಂಡ ಮೊದಲು ವಿಚಾರಿಸಿದ್ದು ಕೋಟೆಯನ್ನಲ್ಲ, ಅಂಚೆ ಕಚೇರಿಯನ್ನು. ಪುಸ್ತಕವನ್ನು ಮನೆಗೆ ಪಾರ್ಸಲ್ ಕಳಿಸಿಬಿಡಬೇಕು. ಬಾಗಿಲು ಹಾಕಿತ್ತು. ಮರುದಿನ ಜುಲೈ 14, ರಾಷ್ಟ್ರೀಯ ಹಬ್ಬ. ರಾತ್ರಿ ಕೋಟೆಯ ಮೇಲೆ ಹಾರುವ ಬಾಣಬಿರುಸು ನೋಡಲು ದೇಶವೇ ಅಲ್ಲಿ ನೆರೆಯುತ್ತದೆ. ಪಾರ್ಸಲ್ ಕಟ್ಟುವವರು ಮಾತ್ರ ಸಿಗುವುದಿಲ್ಲ.

ಕೆಫೆಯ ಕೊಡೆಯ ಕೆಳಗೆ ಪುದೀನ ಶರಬತ್ತು ಹೀರುತ್ತ ಅವಳು ಅವನ ಹ್ಯಾಂಡಲ್ ಚೀಲದಿಂದ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದಳು.

"ಎರಡನೆಯ ಸಂಪುಟವನ್ನು ನಾಡಿದ್ದಿನವರೆಗೆ ಎತ್ತಿಡುತ್ತೇನೆ ಎಂದಿದ್ದಾರೆ ಅಂಗಡಿಯವರು" ಎಂದಳು. "ಅದೇ ದಾರಿಯಲ್ಲಿ ವಾಪಸು ಹತ್ತೋಣ. ಹಸಿರು ಗೆರೆ ಇದೆಯಲ್ಲ."